ಕಾರ್ನ್‌ಹೋಲ್ ಹಲಗೆಗೆ ಬಣ್ಣವೋ, ಸ್ಟಿಕರೋ, ಸ್ಟೇನೋ? ತೀರ್ಪು ತೂತಿನ ಅಂಚಿನದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಣ್ಣಕ್ಕೆ. ಕಾರ್ನ್‌ಹೋಲ್ ಎಂದರೆ ಓರೆಯಾಗಿ ನಿಲ್ಲಿಸಿದ ಹಲಗೆಯ ತೂತಿಗೆ ದೂರದಿಂದ ಚೀಲ ಎಸೆಯುವ ಆಟ. ಮನೆಯಲ್ಲೇ ಮಾಡಿದ ಕಾರ್ನ್‌ಹೋಲ್ ಹಲಗೆಯನ್ನು ಅಂದಗೊಳಿಸಲು ಮೂರು ದಾರಿಗಳಿವೆ. ಟೇಪು, ಸ್ಟೆನ್ಸಿಲ್ ಇಟ್ಟು ಅಕ್ರಿಲಿಕ್ ಬಣ್ಣ ಹೊಡೆಯುವುದು ಒಂದು. ಚಿತ್ರ ಪ್ರಿಂಟ್ ಮಾಡಿಸಿದ ವಿನೈಲ್ ಸ್ಟಿಕರ್ ಅಂಟಿಸುವುದು ಇನ್ನೊಂದು. ಮರದ ಎಳೆ ಕಾಣುವಂತೆ ಸ್ಟೇನ್ (ಮರದೊಳಗೆ ಇಳಿಯುವ ತೆಳು ಬಣ್ಣ) ಹಚ್ಚಿ ಬಿಡುವುದು ಮೂರನೆಯದು. ಅದೇ ಪ್ಲೈವುಡ್, ಅದೇ ಅಳತೆ, ಅದೇ ಚೀಲಗಳನ್ನಿಟ್ಟು ಮೂರನ್ನೂ ಆಡಿ ನೋಡಿದರೆ ಮೊದಲ ದಿನ ಗೆಲ್ಲುವುದು ಸ್ಟಿಕರ್, ಅದರಲ್ಲಿ ಎರಡು ಮಾತಿಲ್ಲ. ಅಂಗಡಿಯಿಂದ ಈಗಷ್ಟೇ ಇಳಿಸಿದ ಮಾಲಿನ ಹಾಗಿರುತ್ತದೆ. ಕೆಲವು ತಿಂಗಳು ಆಡಿದ ಮೇಲೆ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ವ್ಯತ್ಯಾಸ ಕಾಣುವುದು ಇಡೀ ಹಲಗೆಯಲ್ಲಿ ಅಲ್ಲ, ಆರು ಇಂಚಿನ ತೂತಿನ ಸುತ್ತ ಬೆರಳಗಲದ ಜಾಗದಲ್ಲಿ. ಉಳಿದ ಕಡೆ ಮೂರೂ ಹೆಚ್ಚುಕಡಿಮೆ ಒಂದೇ ಥರ ಬಾಳುತ್ತವೆ. ತೂತಿನ ಅಂಚಿನಲ್ಲಿ ಮಾತ್ರ ಒಂದೊಂದರ ಬಣ್ಣ ಬಯಲಾಗುತ್ತದೆ. ಹಾಗಾಗಿ ಅಲಂಕಾರದ ಮಾತಿಗೆ ಮೊದಲು ಮರ ಮತ್ತು ತೂತಿನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಅಲ್ಲಿ ತಪ್ಪಿದರೆ ಮೇಲೆ ಏನು ಬಳಿದರೂ ಅಷ್ಟೇ.

ಮರ

ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಬೇಡ. ಮೈ ಕನ್ನಡಿಯಷ್ಟು ನಯವಾಗಿರುತ್ತದೆ, ಬಣ್ಣವೂ ಚೆನ್ನಾಗಿ ಕೂರುತ್ತದೆ, ಎಲ್ಲ ನಿಜ. ಆದರೆ ಅಂಚಿಗೆ ಇಬ್ಬನಿ ತಗುಲಿದರೆ ಸಾಕು, ನೆನೆದ ಬಿಸ್ಕತ್ತಿನ ಹಾಗೆ ಉಬ್ಬುತ್ತದೆ, ಒಣಗಿದರೂ ಇಳಿಯುವುದಿಲ್ಲ. ಪಟ್ಟಿ ಪಟ್ಟಿ ಹಲಗೆಗಳನ್ನು ಜೋಡಿಸಿ ಮಾಡಿದ್ದೂ ಬೇಡ. ಹವೆ ಬದಲಾದಂತೆ ಸಂದು ಬಿಡುತ್ತದೆ, ಜಾರುವ ಚೀಲ ಆ ಸಂದಿಗೆ ಎಡವುತ್ತದೆ.

ಉಳಿದದ್ದು ಪ್ಲೈವುಡ್. 12 ಮಿ.ಮೀ.ಯೋ 18 ಮಿ.ಮೀ.ಯೋ ಎಂಬುದೇ ಪ್ರಶ್ನೆ. 12ರ ತೊಂದರೆ ಏನೆಂದರೆ ನಡುವೆ ಆಸರೆ ಇಲ್ಲದಿದ್ದರೆ ಡೋಲಿನಂತೆ ಬಡಿದುಕೊಳ್ಳುತ್ತದೆ, ಬಿದ್ದ ಚೀಲ ಪುಟಿಯುತ್ತದೆ. ಚೀಲ ಹೆಚ್ಚಾಗಿ ಬೀಳುವುದು ಹಲಗೆಯ ನಡುಭಾಗದಲ್ಲಿ. ಅಲ್ಲಿ ಕೆಳಗಡೆ ಒಂದು ಅಡ್ಡಪಟ್ಟಿ ಕೊಟ್ಟರೆ ಪುಟಿಯುವುದು ಬಹುಪಾಲು ನಿಲ್ಲುತ್ತದೆ. 18ಕ್ಕೆ ಅಡ್ಡಪಟ್ಟಿ ಬೇಡ, ಆದರೆ ಹಲಗೆಯೊಂದಕ್ಕೆ ಸುಮಾರು ಎರಡೂವರೆ ಕಿಲೋ ತೂಕ ಹೆಚ್ಚು. ಹೊರಗೆ ಇಟ್ಟು, ಆಡಿ, ಮತ್ತೆ ಒಳಗೆ ಹೊತ್ತು ತರುವ ಅಭ್ಯಾಸವಿದ್ದವರಿಗೆ 12 ಮತ್ತು ಒಂದು ಅಡ್ಡಪಟ್ಟಿಯೇ ಮೇಲು.

8×4 ಅಡಿಯ ಒಂದು ಹಾಳೆಯಲ್ಲಿ 48×24 ಇಂಚಿನ ನಾಲ್ಕು ಮುಖಗಳು (ಚೀಲ ಬೀಳುವ ಮೇಲ್ಹಲಗೆಗಳು), ಅಂದರೆ ಎರಡು ಜೋಡಿ ಬರುತ್ತವೆ. ಗರಗಸ ಪ್ರತಿ ಕೊಯ್ತಕ್ಕೂ ಸುಮಾರು 3 ಮಿ.ಮೀ. ತಿನ್ನುವುದರಿಂದ ನಾಲ್ಕೂ ತುಂಡು ಸರಿಯಾಗಿ 24 ಇಂಚು ಬರುವುದಿಲ್ಲ. ಆಟಕ್ಕೆ ಇದರಿಂದ ಏನೂ ಆಗದು. ಆದರೆ ಚೌಕಟ್ಟನ್ನು ಪುಸ್ತಕದ ಅಳತೆಗೆ ಕೊಯ್ದರೆ ಮುಖಕ್ಕಿಂತ ಅದೇ ಹೊರಚಾಚುತ್ತದೆ. ಮೊದಲು ಮುಖ ಕೊಯ್ದು, ಅದನ್ನು ಅಳೆದು, ಆಮೇಲೆ ಚೌಕಟ್ಟಿನ ಪಟ್ಟಿ ಕೊಯ್ಯಿರಿ. ಒಂದೂವರೆ ಇಂಚು ದಪ್ಪದ ಪಟ್ಟಿಯಾದರೆ ಉದ್ದದ ಎರಡು ಸುಮಾರು 48 ಇಂಚು, ಅಡ್ಡದ ಎರಡು ಸುಮಾರು 21 ಇಂಚು.

ಹಾಳೆ ಕೊಳ್ಳುವಾಗ ನಾಲ್ಕೂ ಅಂಚನ್ನು ಬಗ್ಗಿ ನೋಡಿ. ಪದರಗಳ ನಡುವೆ ಪೊಳ್ಳು ಕಂಡರೆ ಒಳಗೂ ಪೊಳ್ಳು ಇರುತ್ತದೆ. ಅದು ಸರಿಯಾಗಿ ತೂತಿನ ಅಂಚಿಗೇ ಬಂತೆಂದರೆ ಅಲ್ಲಿ ತುಟಿ ಮುರಿಯುತ್ತದೆ. ಬಂದೇಬಿಟ್ಟರೆ ಎಪಾಕ್ಸಿ ಪುಟ್ಟಿ ತುಂಬಬೇಕು. ಸಾಮಾನ್ಯ ಪುಟ್ಟಿ ಆ ಪೆಟ್ಟಿಗೆ ಉದುರುತ್ತದೆ.

ಮುಖವನ್ನು ಚೌಕಟ್ಟಿಗೆ ಮೇಲಿನಿಂದ ಸ್ಕ್ರೂ ಹೊಡೆದು ಕೂರಿಸುವುದು ಸುಲಭ, ಆದರೆ ತಲೆಗಳನ್ನು ಪುಟ್ಟಿಯಿಂದ ಮುಚ್ಚಬೇಕು. ಪುಟ್ಟಿ ಒಣಗಿ ಕುಗ್ಗಿದರೆ ಅಲ್ಲೊಂದು ಗುಳಿ. ಬಣ್ಣದಡಿಯಲ್ಲಿ ಇದು ಮರೆಯಾಗುತ್ತದೆ, ವಿನೈಲಿನಡಿಯಲ್ಲಿ ಸಿಡುಬಿನ ಕಲೆಯಂತೆ ಎದ್ದು ಕಾಣುತ್ತದೆ, ಸ್ಟೇನ್ ಹಚ್ಚಿದರೆ ಪುಟ್ಟಿಯ ಜಾಗ ಬೇರೆಯೇ ಬಣ್ಣ. ಕೊನೆಯ ಎರಡಕ್ಕೆ ಕೆಳಗಿನಿಂದ ಓರೆಯಾಗಿ ಸ್ಕ್ರೂ ಹೊಡೆದು ಮರದ ಅಂಟು ಹಾಕುವುದೊಂದೇ ದಾರಿ. ಇಲ್ಲೇ ಬಣ್ಣಕ್ಕೆ ಒಂದು ಅಂಕ ಬಂತು.

ಕಾಲುಗಳ ಬಗ್ಗೆ ಒಂದೇ ಮಾತು. ಕೋನದ ಲೆಕ್ಕ ಹಾಕಬೇಡಿ. ಹಿಂತುದಿಯನ್ನು ನೆಲದಿಂದ 12 ಇಂಚಿಗೆ ಎತ್ತಿ ಆಸರೆ ಕೊಟ್ಟು, ಬೋಲ್ಟ್ ಹಾಕಿದ ಕಾಲನ್ನು ಪಕ್ಕಕ್ಕೆ ಇಳಿಬಿಟ್ಟು, ನೆಲಕ್ಕೆ ಸಮನಾಗಿ ಗೆರೆ ಎಳೆದು ಕೊಯ್ಯಿರಿ.

ತೂತು

ನಡುಬಿಂದು ಮೇಲಂಚಿನಿಂದ 9 ಇಂಚು, ಪಕ್ಕಗಳಿಂದ 12. ಒಂದು ಮೊಳೆ, ಒಂದು ತುಂಡು ದಾರ, 3 ಇಂಚಿನ ತ್ರಿಜ್ಯ. ಗೆರೆ ಎಳೆದ ಮೇಲೆ ಜಿಗ್‌ಸಾ ಹಿಡಿಯುವುದೋ ರೂಟರ್ ಹಿಡಿಯುವುದೋ? ಜಿಗ್‌ಸಾ ಎಂದರೆ ಬ್ಲೇಡು ಮೇಲೆ ಕೆಳಗೆ ಆಡುವ ವಿದ್ಯುತ್ ಗರಗಸ, ರೂಟರ್ ಎಂದರೆ ತಿರುಗುವ ಬಿಟ್ಟಿನಿಂದ ಮರ ಕೊರೆಯುವ ಯಂತ್ರ.

ಜಿಗ್‌ಸಾ ಎಲ್ಲರ ಕೈಗೆ ಸಿಗುತ್ತದೆ. ಅದರ ಬ್ಲೇಡಿನ ಹಲ್ಲುಗಳು ಸಾಮಾನ್ಯವಾಗಿ ಮೇಲ್ಮುಖವಾಗಿರುವುದರಿಂದ ಅದು ಕೊಯ್ಯುವುದು ಮೇಲೆ ಎಳೆಯುವಾಗ. ಹೀಗಾಗಿ ಸಿಬಿರು ಏಳುವುದು ನಿಮ್ಮ ಕಣ್ಣಿಗೆ ಕಾಣುವ ಮೈಯಲ್ಲಿ. ಒಳ್ಳೆಯ ಮುಖವನ್ನು ಕೆಳಗೆ ಮಾಡಿ ಮಲಗಿಸಿ, ಹಿಂಬದಿಯಲ್ಲಿ ವೃತ್ತ ಬರೆದು ಕೊಯ್ಯಬೇಕು. ಸಣ್ಣ ಹಲ್ಲಿನ ಬ್ಲೇಡ್ ಇರಲಿ, ಒತ್ತಬೇಡಿ. ತಿರುವಿನಲ್ಲಿ ಒತ್ತಿದರೆ ಬ್ಲೇಡು ಬಾಗಿ ತೂತಿನ ಗೋಡೆ ಓರೆಯಾಗುತ್ತದೆ, ಮೇಲೆ 6 ಇಂಚಿದ್ದದ್ದು ಕೆಳಗೆ ಇನ್ನೇನೋ ಆಗಿರುತ್ತದೆ. ಗೆರೆಗಿಂತ 2 ಮಿ.ಮೀ. ಒಳಗೇ ಕೊಯ್ದು, ಪೈಪಿನ ತುಂಡಿಗೆ 80 ನಂಬರಿನ ಉಪ್ಪುಕಾಗದ ಸುತ್ತಿ ಗೆರೆಯ ತನಕ ಉಜ್ಜಿದರೆ ಸರಿಹೋಗುತ್ತದೆ.

ರೂಟರಿಗೆ ನಡುವಿನ ಮೊಳೆಗೆ ಸಿಕ್ಕಿಸುವ ಒಂದು ಪಟ್ಟಿ ಮಾಡಿಕೊಂಡರೆ ವೃತ್ತ ಯಂತ್ರದಲ್ಲಿ ಮಾಡಿದಂತೆ ಬರುತ್ತದೆ. 12 ಮಿ.ಮೀ. ಪ್ಲೈಗೆ ಒಂದೊಂದು ಸುತ್ತಿಗೆ 4 ಮಿ.ಮೀ.ಯಂತೆ ಮೂರು ಸುತ್ತು. ಎಡವಟ್ಟಾಗುವುದು ಕೊನೆಯ ಸುತ್ತಿನಲ್ಲಿ. ನಡುವಿನ ಬಿಲ್ಲೆ ಹಲಗೆಯಿಂದ ಬಿಡಿಸಿಕೊಂಡ ಕ್ಷಣ ಮೊಳೆಗೆ ಹಿಡಿತವಿರುವುದಿಲ್ಲ, ರೂಟರ್ ಪಕ್ಕಕ್ಕೆ ಹಾರಿ ಅಂಚನ್ನು ಕಚ್ಚುತ್ತದೆ. ಅಡಿಗೆ ಒಂದು ಬೇಡದ ಹಲಗೆಯಿಟ್ಟು ಬಿಲ್ಲೆಯನ್ನು ಎರಡು ಬದಿ ಅಂಟುವ ಟೇಪಿನಿಂದ ಅದಕ್ಕೆ ಕಚ್ಚಿಸಿಟ್ಟರೆ ಈ ತಾಪತ್ರಯವಿಲ್ಲ. ಒಂದೇ ಜೋಡಿ ಮಾಡುವವರು ಇದಕ್ಕಾಗಿ ರೂಟರ್ ಕೊಳ್ಳುವುದು ದಂಡ. ಜಿಗ್‌ಸಾ ಮತ್ತು ಅರ್ಧ ಗಂಟೆಯ ಉಜ್ಜಾಟ ಸಾಕು.

ಯಾವುದರಲ್ಲೇ ಕೊಯ್ದರೂ ಮೇಲಿನ ಅಂಚನ್ನು ಚೂಪಾಗಿ ಬಿಡಬಾರದು. ಸುಮಾರು 3 ಮಿ.ಮೀ. ದುಂಡಗೆ ಮಾಡಿ. ಕೈಗೆ ತಗುಲಬಾರದು ಎನ್ನುವುದಷ್ಟೇ ಇದಕ್ಕೆ ಕಾರಣವಲ್ಲ. ಹಸಿ ಬಣ್ಣ ಚೂಪು ಅಂಚಿನ ಮೇಲೆ ನಿಲ್ಲುವುದಿಲ್ಲ, ಎರಡೂ ಬದಿಗೆ ಸರಿದುಕೊಳ್ಳುತ್ತದೆ. ಒಣಗಿದಾಗ ಅತಿ ತೆಳುವಾದ ಪದರ ಇರುವುದು ಅತಿ ಹೆಚ್ಚು ಪೆಟ್ಟು ಬೀಳುವ ಜಾಗದಲ್ಲೇ. ದುಂಡಗಿದ್ದರೆ ಬಣ್ಣ ಸಮನಾಗಿ ಕೂರುತ್ತದೆ. ಅತಿಯಾಗಿ ದುಂಡಗೆ ಮಾಡಿದರೆ ಅಂಚಿಗೆ ಬಂದ ಚೀಲವೆಲ್ಲ ಉರುಳಿ ಒಳಗೆ ಬೀಳುತ್ತದೆ, ಆಟ ಕೆಡುತ್ತದೆ.

ತೂತಿನ ಒಳಗೋಡೆಯೂ ನೀರು ಕುಡಿಯುವ ಜಾಗವೇ. ಪದರಗಳ ಕೊಯ್ದ ತುದಿಗಳು ಅಲ್ಲಿ ಬಾಯಿ ತೆರೆದಿರುತ್ತವೆ. ಮುಖಕ್ಕೆ ಏನೇ ಹಚ್ಚುವ ಮುಂಚೆ ಗೋಡೆಗೆ ಎರಡು ಕೋಟ್ ಪ್ರೈಮರ್ ಕುಡಿಸಿಬಿಡಿ. ಸ್ಟೇನ್ ಹಚ್ಚುವುದಾದರೆ ಪ್ರೈಮರಿನ ಬದಲು, ಸ್ಟೇನ್ ಒಣಗಿದ ಮೇಲೆ ಪಾಲಿಯುರೆಥೇನ್, ಅಂದರೆ ಒಣಗಿದಾಗ ಗಟ್ಟಿಯಾಗುವ ಪಾರದರ್ಶಕ ವಾರ್ನಿಷ್ (ಮುಂದೆ ಬರೀ ‘ಪಾಲಿ’).

ಸ್ಟಿಕರ್: ಮೊದಲ ದಿನದ ರಾಜ

ವಿನೈಲಿನ ಗುಣ ಹೇಳದೆ ಬೈಯುವುದು ಸರಿಯಲ್ಲ. ಫೋಟೊ, ನೆರಳು ಬೆಳಕಿನ ಚಿತ್ರ, ಸಣ್ಣ ಅಕ್ಷರ ಇವನ್ನೆಲ್ಲ ಬ್ರಷ್ಷಿನಲ್ಲಿ ಮಾಡಲಾಗದು. ಲ್ಯಾಮಿನೇಶನ್ ಇದ್ದರೆ ಬಣ್ಣ ಬೇಗ ಮಾಸುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ಕೆಲಸ ಮಾತ್ರ ಇಬ್ಬರದು. ಬರಿಯ ಪ್ಲೈ ಮೇಲೆ ಅಂಟಿಸಿದರೆ ಕಚ್ಚುವುದಿಲ್ಲ, ಧೂಳು ಮತ್ತು ಎಳೆಗಳ ಮೇಲೆ ಅಂಟಿಗೆ ಹಿಡಿತ ಸಿಗದು. ಪ್ರೈಮರೋ ಪಾಲಿಯೋ ಎರಡು ಕೋಟ್ ಹಾಕಿ, 220ರಲ್ಲಿ ಉಜ್ಜಿ, ಒರೆಸಿ, ಪೂರ್ತಿ ಒಣಗಲು ಬಿಡಬೇಕು. ‘ಪೂರ್ತಿ’ ಅಂದರೆ ಮುಟ್ಟಿದರೆ ಒಣಗಿದಂತಿದ್ದರೆ ಸಾಲದು. ಅಡಿಯ ಪದರ ಇನ್ನೂ ಆವಿ ಬಿಡುತ್ತಿದ್ದರೆ ಅದು ವಿನೈಲಿನಡಿ ಸಿಕ್ಕಿಹಾಕಿಕೊಂಡು ಎರಡನೇ ದಿನ ಗುಳ್ಳೆಯಾಗಿ ಏಳುತ್ತದೆ. ಅಂಟಿಸಿದವರು ತಮ್ಮ ಕೈಯನ್ನು ಬೈದುಕೊಳ್ಳುತ್ತಾರೆ, ತಪ್ಪು ಅವಸರದ್ದು.

ಅಂಟಿಸುವಾಗ ನೀರಿಗೆ ಎರಡು ಮೂರು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಮೈಮೇಲೆ ತೆಳುವಾಗಿ ಸಿಂಪಡಿಸಿದರೆ ಹಾಳೆಯನ್ನು ಅತ್ತಿತ್ತ ಸರಿಸಬಹುದು. ಹಾಳೆಯ ನಡುವೆ ಅಡ್ಡಲಾಗಿ ಟೇಪು ಹಾಕಿ ಹಿಡಿದು, ಒಂದರ್ಧದ ಹಿಂಬದಿಯ ಕಾಗದ ಸುಲಿದು, ನಡುವಿನಿಂದ ಹೊರಕ್ಕೆ ತಳ್ಳುತ್ತ ಹೋಗಿ. ಆಮೇಲೆ ಇನ್ನರ್ಧ. ಉಳಿದ ಸಣ್ಣ ಗುಳ್ಳೆಗಳನ್ನು ಸೂಜಿಯಿಂದ ಚುಚ್ಚಿ ಒತ್ತಿ. ಬ್ಲೇಡಿನಿಂದ ಕೊಯ್ಯಬೇಡಿ, ಆ ಸೀಳು ಬೆಳೆಯುತ್ತದೆ.

ಇಷ್ಟೆಲ್ಲ ನೆಟ್ಟಗೆ ಮಾಡಿ ತೂತಿಗೆ ಬಂದಿರಿ. ಈಗ ಹಾಳೆ ಬಿಗಿದ ತಮಟೆಯಂತೆ ತೂತಿನ ಮೇಲೆ ನಿಂತಿದೆ. ಸಾಮಾನ್ಯವಾಗಿ ಮಾಡುವುದೇನೆಂದರೆ ನಡುವಿನಿಂದ ಅಂಚಿಗೆ ನಕ್ಷತ್ರದಂತೆ ಹನ್ನೆರಡು ಹದಿನಾರು ಸೀಳು ಕೊಟ್ಟು, ಒಂದೊಂದೇ ದಳವನ್ನು ಹೇರ್ ಡ್ರೈಯರಿನಲ್ಲಿ ಬಿಸಿಮಾಡಿ ಒಳಗೋಡೆಗೆ ಮಡಚುವುದು. ನೋಡಲು ಅಚ್ಚುಕಟ್ಟು. ಆದರೆ ಪ್ರತಿ ಸೀಳಿನ ಬುಡ ಬಂದು ನಿಲ್ಲುವುದು ಸರಿಯಾಗಿ ತೂತಿನ ತುಟಿಯ ಮೇಲೆ. ಅಂದರೆ ಹದಿನಾರು ಸೀಳು ಕೊಟ್ಟರೆ ಹರಿಯಲು ಹದಿನಾರು ಜಾಗ ಮಾಡಿಕೊಟ್ಟಂತಾಯಿತು. ಮಡಚಿದ ದಳಕ್ಕೆ ಹಿಡಿದುಕೊಳ್ಳಲು ಸಿಗುವುದು ಬರೀ 12 ಮಿ.ಮೀ. ಗೋಡೆ, ಅದೂ ಉಪ್ಪುಕಾಗದದಲ್ಲಿ ಉಜ್ಜಿದ ತರಿ ಗೋಡೆ. ಬಿಸಿ ಮಾಡಿ ಎಳೆದ ವಿನೈಲಿಗೆ ತನ್ನ ಹಳೆಯ ಆಕಾರಕ್ಕೆ ಮರಳುವ ಚಾಳಿ ಬೇರೆ ಇದೆ. ಬಿಸಿಲಲ್ಲಿ ಮೆತ್ತಗಾದಾಗ ದಳ ಮೆಲ್ಲನೆ ಗೋಡೆ ಬಿಟ್ಟು ಏಳುತ್ತದೆ. ಅಷ್ಟರಲ್ಲಿ ಸುಮಾರು 450 ಗ್ರಾಂ ತೂಕದ ಕ್ಯಾನ್ವಾಸ್ ಚೀಲ ಬಂದು ಅದನ್ನು ಒರೆಸಿಕೊಂಡು ಹೋಗುತ್ತದೆ, ಒಂದಲ್ಲ, ಆಟವೊಂದಕ್ಕೆ ಹತ್ತಾರು ಸಲ. ಕ್ಯಾನ್ವಾಸಿನ ನೇಯ್ಗೆ ಸಣ್ಣ ಅರದಂತೆ ಕೆಲಸ ಮಾಡುತ್ತದೆ.

ಹಾಗಾದರೆ ಮಡಚದೆ ಅಂಚಿಗೆ ಸಮನಾಗಿ ಕೊಯ್ದುಬಿಟ್ಟರೆ? ಆಗ ತೊಂದರೆ ಜಾಗ ಬದಲಿಸುತ್ತದೆ. ತೂತಿನ ಕೆಳತುಟಿಯಲ್ಲಿ, ಅಂದರೆ ಎಸೆಯುವವನ ಕಡೆ, ಚೀಲ ಸ್ಟಿಕರಿನ ಮೇಲಿಂದ ತೂತಿನತ್ತ ಜಾರುವುದರಿಂದ ಅಂಚು ಏಳುವುದಿಲ್ಲ. ಆಚೆಯ ತುಟಿಯಲ್ಲಿ ಹಾಗಲ್ಲ. ತೂತನ್ನು ಅರ್ಧ ದಾಟಿದ ಚೀಲದ ಮೂಗು ನೇರವಾಗಿ ಸ್ಟಿಕರಿನ ಕೊಯ್ದ ಅಂಚಿಗೇ ಗುದ್ದುತ್ತದೆ, ಉಗುರಿನಿಂದ ಎಬ್ಬಿಸಿದಂತೆ. ಮೊದಲು ಕೂದಲೆಳೆಯಷ್ಟು ಬಿಳಿ ಗೆರೆ ಕಾಣುತ್ತದೆ. ಆ ಸಂದಿಗೆ ಧೂಳು ಸೇರಿದ ಮೇಲೆ ಎಷ್ಟು ಒತ್ತಿದರೂ ಮತ್ತೆ ಅಂಟುವುದಿಲ್ಲ. ಆಮೇಲೆ ನಾಲಿಗೆಯಂತೆ ಒಂದು ತುಂಡು ಎದ್ದು ನಿಲ್ಲುತ್ತದೆ, ಯಾರಾದರೊಬ್ಬರು ಅದನ್ನು ಎಳೆಯದೆ ಇರುವುದಿಲ್ಲ.

ಇದಕ್ಕೆ ಇರುವುದರಲ್ಲಿ ಒಳ್ಳೆಯ ಉಪಾಯವೆಂದರೆ ಸ್ಟಿಕರನ್ನು ತುಟಿಯಿಂದ 3 ಮಿ.ಮೀ. ಹಿಂದಕ್ಕೆ, ದುಂಡಗಿನ ಭಾಗ ಶುರುವಾಗುವ ಮುಂಚೆಯೇ ಕೊಯ್ದು ನಿಲ್ಲಿಸಿ, ಆ ಗೆರೆಯ ಮೇಲೆ ವಾಟರ್‌ಬೇಸ್ ಪಾಲಿಯುರೆಥೇನನ್ನು ಮೂರು ತೆಳು ಕೋಟ್ ಹಾಯಿಸಿ ಮೆಟ್ಟಿಲನ್ನು ಮುಚ್ಚುವುದು. ತುಟಿ ಮತ್ತು ಗೋಡೆಗೆ ಮೊದಲೇ ಹೊಂದುವ ಬಣ್ಣ ಕೊಟ್ಟಿರಬೇಕು. ಆಯಿಲ್‌ಬೇಸ್ ಪಾಲಿ ಹಚ್ಚಬೇಡಿ, ವಿನೈಲಿನ ಮೇಲೆ ಅದರ ಹಿಡಿತ ನಂಬುವಂಥದ್ದಲ್ಲ. ಹೀಗೆ ಮಾಡಿದರೆ ಸ್ಟಿಕರ್ ಸಾಕಷ್ಟು ಬಾಳುತ್ತದೆ. ಆದರೆ ಯೋಚಿಸಿ: ಪ್ರೈಮರ್, ಬಣ್ಣ, ಪಾಲಿ ಎಲ್ಲ ಹಚ್ಚಿದ ಮೇಲೂ ಸ್ಟಿಕರಿನ ಖರ್ಚು ಪ್ರತ್ಯೇಕ. ಕೆಟ್ಟರೆ ತೇಪೆ ಇಲ್ಲ, ಇಡೀ ಹಾಳೆ ಸುಲಿದು ಹೊಸದು ಮಾಡಿಸಬೇಕು.

1883ರಲ್ಲಿ ಹೇಲಿಗರ್ ಡಿ ವಿಂಟ್ ಎಂಬಾತ ಅಮೆರಿಕದಲ್ಲಿ ಇಂಥದೇ ಆಟಕ್ಕೆ ಪೇಟೆಂಟ್ ಪಡೆದಾಗ ಹಲಗೆಯ ತೂತು ಚೌಕವಾಗಿತ್ತು. ಹಾಗೇ ಉಳಿದಿದ್ದರೆ ನಾಲ್ಕು ಮಡಿಕೆಯಲ್ಲಿ ಸ್ಟಿಕರಿನ ಕೆಲಸ ಮುಗಿಯುತ್ತಿತ್ತು!

ಬಣ್ಣ

ಬಣ್ಣವೂ ಆಚೆಯ ತುಟಿಯಲ್ಲೇ ಸವೆಯುತ್ತದೆ, ಅದೇನೂ ವಜ್ರವಲ್ಲ. ಆದರೆ ಸವೆದ ಜಾಗವನ್ನು ಉಜ್ಜಿ ಸಣ್ಣ ಬ್ರಷ್ಷಿನಲ್ಲಿ ಎರಡು ಸಲ ಸವರಿದರೆ ಮುಗಿಯಿತು. ನನಗೆ ಮುಖ್ಯವಾದದ್ದು ಇದೇ.

ಕ್ರಮ ಹೀಗೆ: 120ರಲ್ಲಿ ಉಜ್ಜಿ, ಆಮೇಲೆ 220. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ನಾಲ್ಕು ಇಂಚಿನ ಫೋಮ್ ರೋಲರಿನಲ್ಲಿ ಒಂದು ಕೋಟ್ ಪ್ರೈಮರ್, ಮತ್ತೆ 220ರಲ್ಲಿ ಹಗುರವಾಗಿ ಒಂದು ಕೈ. ನಂತರ ತಳದ ಬಣ್ಣ ಎರಡು ತೆಳು ಕೋಟ್. ಬ್ರಷ್ಷಿನಲ್ಲಿ ಬಳಿದರೆ ಎಳೆಎಳೆ ಗೆರೆ ಉಳಿಯುತ್ತದೆ, ಚೀಲ ಆ ಗೆರೆಗಳ ದಿಕ್ಕಿಗೆ ಎಳೆಯುವುದು ಕೈಗೇ ಗೊತ್ತಾಗುತ್ತದೆ. ರೋಲರೇ ಸರಿ. ಹಿಂಬದಿಗೂ ಒಂದೆರಡು ಕೋಟ್ ಇರಲಿ. ಮೇಲ್ಮುಖ ಮಾತ್ರ ಮುಚ್ಚಿದರೆ ಹಲಗೆ ಅಡಿಯಿಂದ ಮಾತ್ರ ತೇವ ಹೀರಿ ಬಾಗುತ್ತದೆ. ಸ್ಟಿಕರಿಗೂ ಸ್ಟೇನಿಗೂ ಈ ಮಾತು ಅನ್ವಯಿಸುತ್ತದೆ.

ಟೇಪಿನಡಿ ಬಣ್ಣ ಸೋರಿ ಗೆರೆ ಹಲ್ಲುಹಲ್ಲಾಗುವುದು ಎಲ್ಲರ ದೂರು. ಪರಿಹಾರ ಹಳೆಯದು, ಆದರೂ ಮಾಡುವವರು ಕಡಿಮೆ. ಟೇಪನ್ನು ಉಗುರಿನಿಂದ ಉಜ್ಜಿ ಕೂರಿಸಿದ ಮೇಲೆ ಅದರ ಅಂಚಿನ ಮೇಲೆ ಮೊದಲು ತಳದ ಬಣ್ಣವನ್ನೇ ಒಂದು ಸಲ ಸವರಿ. ಸೋರಿದರೆ ಅದೇ ಸೋರಲಿ, ಬಣ್ಣ ಒಂದೇ ಆದ್ದರಿಂದ ಕಾಣುವುದಿಲ್ಲ, ಸಂದೂ ಮುಚ್ಚುತ್ತದೆ. ಒಣಗಿದ ಮೇಲೆ ಎರಡನೇ ಬಣ್ಣ ಎರಡು ಕೋಟ್. ಕೊನೆಯ ಕೋಟ್ ಕೈಗೆ ಅಂಟದಷ್ಟು ಆರಿದಾಗ, ಗಟ್ಟಿಯಾಗುವ ಮುಂಚೆ, ಟೇಪನ್ನು ಅದರ ಮೇಲೇ ಹಿಂದಕ್ಕೆ ಮಡಚಿದಂತೆ ಓರೆಯಾಗಿ ಎಳೆಯಿರಿ. ರಾತ್ರಿ ಬಿಟ್ಟು ಬೆಳಿಗ್ಗೆ ಎಳೆದರೆ ಬಣ್ಣದ ಚಕ್ಕೆಯೂ ಜೊತೆಗೆ ಬರುತ್ತದೆ.

ವಿನ್ಯಾಸಕ್ಕೆ ಒಂದು ಸಲಹೆ. ತೂತಿನ ಸುತ್ತ ಎರಡು ಇಂಚು ಅಗಲದ ಒಂದೇ ಬಣ್ಣದ ಬಳೆ ಬಿಡಿ. ಪಟ್ಟೆ, ತ್ರಿಕೋನ, ಅಕ್ಷರ ಏನೇ ಇದ್ದರೂ ಆ ಬಳೆಯ ಹೊರಗೆ ನಿಲ್ಲಲಿ. ನಾಳೆ ತುಟಿ ಸವೆದಾಗ ತಿದ್ದಲು ಒಂದೇ ಬಣ್ಣ, ಗೆರೆ ಕೂಡಿಸುವ ಗೋಳಿಲ್ಲ. ಕೆಳಗಿನ ಎರಡು ಮೂಲೆಗಳಿಂದ ಬಳೆಯ ಎರಡು ಪಕ್ಕಕ್ಕೆ ಎಳೆದ ಉದ್ದನೆಯ ತ್ರಿಕೋನ ಎರಡು ಟೇಪಿನಲ್ಲಿ ಆಗುವ ಕೆಲಸ, ದೂರದಿಂದಲೂ ಚಂದ, ಗುರಿ ಹಿಡಿಯಲೂ ಅನುಕೂಲ.

ಬಣ್ಣದ ದೊಡ್ಡ ದೋಷ ಅಂಟು. ಒಣಗಿದೆ ಅನ್ನಿಸಿದ ಅಕ್ರಿಲಿಕ್ ಮೇಲೆ ಚೀಲ ಬಿದ್ದಲ್ಲೇ ಪಚ್ಚನೆ ಕೂತುಬಿಡುತ್ತದೆ, ಸೆಕೆಯ ದಿನವಂತೂ ಎತ್ತಿದಾಗ ಸಣ್ಣಗೆ ಚರ್ರೆನ್ನುತ್ತದೆ. ದಪ್ಪ ಕೋಟ್ ಹಾಕಿದಾಗ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುವುದು ಒಂದು ಕಾರಣ. ಅಕ್ರಿಲಿಕ್ ಪದರ ಒಣಗಿದ ಮೇಲೂ ಬಿಸಿಗೆ ಕೊಂಚ ಮೆತ್ತಗಾಗುವುದು ಇನ್ನೊಂದು. ಹೆಬ್ಬೆರಳನ್ನು ಹತ್ತು ಸೆಕೆಂಡ್ ಒತ್ತಿ ತೆಗೆಯಿರಿ. ಗುರುತು ಉಳಿದರೆ ಪಾಲಿ ಹಚ್ಚುವ ಹೊತ್ತಲ್ಲ. ಗಾಳಿಯಾಡುವ ಕಡೆ ಇನ್ನೆರಡು ದಿನ ಬಿಡಿ. ಆಮೇಲೆ ಮೇಲೆ ಗಟ್ಟಿ ಪದರ ಬಂದರೆ ಅಂಟು ಹೋಗುತ್ತದೆ. ಬರೀ ಬಣ್ಣ ಬಳಿದು ಪಾಲಿ ಹಚ್ಚದೆ ಆಡಲು ಕೂತವರ ಚೀಲಗಳೆಲ್ಲ ವಾರದಲ್ಲಿ ಹಲಗೆಯ ಬಣ್ಣಕ್ಕೆ ತಿರುಗಿರುತ್ತವೆ.

ಸ್ಟೇನ್

ಸೋಮಾರಿಗಳ ಆಯ್ಕೆ, ಬೈಗುಳವಾಗಿ ಹೇಳುತ್ತಿಲ್ಲ. ಸ್ಟೇನ್ ಮರದೊಳಗೆ ಇಳಿಯುವುದರಿಂದ ತುಟಿ ಸವೆದರೂ ಬಿಳಿ ಚಕ್ಕೆ ಏಳುವುದಿಲ್ಲ, ಬಣ್ಣ ಮೆಲ್ಲಗೆ ಮಾಸುತ್ತದೆ ಅಷ್ಟೇ. ಬಾಳಿಕೆಯೊಂದನ್ನೇ ನೋಡಿದರೆ ಇದೇ ಮೊದಲು. ಆದರೆ ಪ್ಲೈವುಡ್ಡಿನ ಮೇಲ್ಪದರ ಕಾಗದದಷ್ಟು ತೆಳು. ಅಂಚಿನಲ್ಲಿ ಸ್ವಲ್ಪ ಹೆಚ್ಚು ಉಜ್ಜಿದರೆ ಅಡಿಯ ಪದರ ಇಣುಕುತ್ತದೆ, ಅದಕ್ಕೆ ಬೀಳುವ ಬಣ್ಣವೇ ಬೇರೆ. ಅಂಟಿನ ಹನಿ ಬಿದ್ದ ಜಾಗ ಸ್ಟೇನ್ ಹೀರುವುದೇ ಇಲ್ಲ. ಟೇಪಿಟ್ಟು ಎರಡು ಬಣ್ಣದ ವಿನ್ಯಾಸ ಮಾಡಹೋದರೆ ಸ್ಟೇನ್ ಎಳೆ ಹಿಡಿದು ಟೇಪಿನಡಿ ನುಗ್ಗುತ್ತದೆ. ಗೆರೆಯ ಉದ್ದಕ್ಕೂ ಚೂಪು ಚಾಕುವಿನಿಂದ ಹಗುರವಾಗಿ ಗೀರಿ ಎಳೆಗಳನ್ನು ಕತ್ತರಿಸಿದರೆ ಬಹುಪಾಲು ನಿಲ್ಲುತ್ತದೆ. ಹಚ್ಚಿದ ಮೇಲೆ ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಲೇಬೇಕು. ಆಯಿಲ್ ಸ್ಟೇನ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ ಆಮೇಲೆ ಎಸೆಯಿರಿ.

ಮೇಲಿನ ಪದರ ಮತ್ತು ಜಾರುವಿಕೆ

ವಾಟರ್‌ಬೇಸ್ ಪಾಲಿಯುರೆಥೇನ್, ಮೂರು ತೆಳು ಕೋಟ್, ನಡುನಡುವೆ 220ರಲ್ಲಿ ಒಂದು ಕೈ. ಡಬ್ಬಿಯನ್ನು ಕುಲುಕಬೇಡಿ, ಕಡ್ಡಿಯಲ್ಲಿ ಕಲಕಿ. ಕುಲುಕಿದರೆ ಗುಳ್ಳೆಗಳು ಮುಖದ ಮೇಲೇ ಒಣಗುತ್ತವೆ. ಆಯಿಲ್‌ಬೇಸ್ ಹೆಚ್ಚು ಗಟ್ಟಿ ಎನ್ನುವವರಿದ್ದಾರೆ, ಇರಬಹುದು. ಬಿಳಿ ಬಣ್ಣದ ಮೇಲೆ ಅದು ಹಳೆಯ ಪತ್ರಿಕೆಯ ಹಾಗೆ ಹಳದಿಯಾಗುತ್ತದೆ, ಒಂದೊಂದು ಕೋಟಿಗೂ ಒಂದು ದಿನ ಕಾಯಬೇಕು. ಸ್ಟೇನಿನ ಮೇಲಾದರೆ ಆ ಹಳದಿಯೇ ಚಂದ.

ಎಷ್ಟು ನುಣುಪು ಸರಿ ಎಂದು ತಿಳಿಯಲು ಮಾಪಕ ಬೇಡ. ಹಲಗೆಯನ್ನು ನೆಲಕ್ಕೆ ಸಮನಾಗಿಟ್ಟು ಮೇಲೆ ಒಂದು ಚೀಲ ಇಡಿ. ಹಿಂತುದಿಯನ್ನು ನಿಧಾನ ಎತ್ತುತ್ತ ಹೋಗಿ, ಚೀಲ ಜಾರಲು ಶುರುವಾದ ಎತ್ತರ ಅಳೆಯಿರಿ. 12 ಇಂಚಿಗೇ ಜಾರಿಬಂದರೆ ನುಣುಪು ಅತಿಯಾಯಿತು, ಆಟದಲ್ಲಿ ಯಾವ ಚೀಲವೂ ಹಲಗೆಯ ಮೇಲೆ ನಿಲ್ಲುವುದಿಲ್ಲ. ತುದಿ ತುಂಬಾ ಮೇಲೇರಿದರೂ ಅಲುಗದಿದ್ದರೆ ಇನ್ನೊಂದು ಕೋಟ್ ಬೇಕು. ಇದಕ್ಕಿಂತ ಮುಖ್ಯ, ಜೋಡಿಯ ಎರಡೂ ಹಲಗೆಗಳಲ್ಲಿ ಅದೇ ಚೀಲ ಹೆಚ್ಚುಕಡಿಮೆ ಅದೇ ಎತ್ತರಕ್ಕೆ ಜಾರಬೇಕು. ಒಂದನ್ನು ಇಂದು, ಇನ್ನೊಂದನ್ನು ಮುಂದಿನ ವಾರ ಬಳಿದರೆ ಇದು ತಪ್ಪುತ್ತದೆ. ಎರಡಕ್ಕೂ ಒಂದೇ ದಿನ, ಒಂದೇ ಡಬ್ಬಿ.

ಈ ಪರೀಕ್ಷೆಯಲ್ಲಿ ಲ್ಯಾಮಿನೇಟ್ ಮಾಡಿದ ಸ್ಟಿಕರಿನ ನಡತೆ ನಂಬಲಾಗದು. ಒಣಹವೆಯಲ್ಲಿ ಬೆಣ್ಣೆಯಂತೆ ಜಾರುತ್ತದೆ, ಸಂಜೆ ಇಬ್ಬನಿ ಬಿದ್ದಾಗ ಹಿಡಿದುಕೊಳ್ಳುತ್ತದೆ. ಪಾಲಿ ಹಚ್ಚಿದ ಬಣ್ಣದಲ್ಲೂ ವ್ಯತ್ಯಾಸ ಇದೆ, ಅಷ್ಟಿಲ್ಲ. ಮುಟ್ಟಿದರೆ ಒಣಗಿದಂತೆ ಕಂಡರೂ ಪಾಲಿ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಮೊದಲ ವಾರ ಆಡದೆ ಇದ್ದರೆ ತುಟಿಯ ಆಯುಸ್ಸು ಹೆಚ್ಚುತ್ತದೆ.

ಚೀಲ

ಮುಖದ ಮೇಲೆ ಚೀಲದ ಪರಿಣಾಮವೂ ಇದೆ. ಮೆಕ್ಕೆಜೋಳ ತುಂಬಿದರೆ ಕೈಗೆ ಹಿತ, ಆದರೆ ಕಾಳು ಪುಡಿಯಾಗುತ್ತ ಬಟ್ಟೆಯ ನೇಯ್ಗೆಯಿಂದ ಹಿಟ್ಟು ಉದುರುತ್ತದೆ, ಹಲಗೆ ಆಟದ ನಡುವೆಯೇ ನುಣುಪಾಗುತ್ತ ಹೋಗುತ್ತದೆ. ಒದ್ದೆಯಾದರೆ ಬೂಷ್ಟು, ಮೂಲೆಯಲ್ಲಿಟ್ಟರೆ ಇಲಿ. ಪ್ಲಾಸ್ಟಿಕ್ ಗುಂಡು ತುಂಬಿದರೆ ಈ ಯಾವ ರಗಳೆಯೂ ಇಲ್ಲ, ತೂಕವೂ ಬದಲಾಗದು. ದಪ್ಪ ಕ್ಯಾನ್ವಾಸಿನ 7 ಇಂಚಿನ ಎರಡು ಚೌಕ, ಸುತ್ತ ಅರ್ಧ ಇಂಚು ಹೊಲಿಗೆ, ಎರಡೆರಡು ಸಾಲು. ತಿರುವಿದರೆ 6 ಇಂಚಿನ ಚೀಲ. ಒಂದೊಂದನ್ನೂ ತಕ್ಕಡಿಯಲ್ಲಿಟ್ಟೇ ತುಂಬಿ. ಆಟಕ್ಕೆ ಬೇಕಾದ ಎಂಟೂ ಚೀಲ ಒಂದೇ ತೂಕ ಇಲ್ಲದಿದ್ದರೆ ಸೋತವರಿಗೆ ನೆಪ ಸಿಗುತ್ತದೆ.

ಹಾಗಾದರೆ ಯಾವುದು?

ಮದುವೆಗೋ ಹುಟ್ಟುಹಬ್ಬಕ್ಕೋ ಉಡುಗೊರೆ ಕೊಡಲು, ಫೋಟೊ ಬೇಕೇ ಬೇಕು ಎಂದಾದರೆ ಸ್ಟಿಕರ್, ತುಟಿಯಿಂದ 3 ಮಿ.ಮೀ. ಬಿಟ್ಟು, ಮೇಲೆ ಪಾಲಿ ಹಾಯಿಸಿ. ವರ್ಷಕ್ಕೊಮ್ಮೆಯೂ ಬ್ರಷ್ ಮುಟ್ಟುವವರಲ್ಲ ಎಂದಾದರೆ ಸ್ಟೇನ್. ಅದಕ್ಕೆ ಮಾತ್ರ ಒಳ್ಳೆಯ ಮೇಲ್ಪದರದ ಪ್ಲೈವುಡ್ ತರಬೇಕು, ದುಡ್ಡು ಅಲ್ಲಿ ಹೋಗುತ್ತದೆ. ನನ್ನ ಕೈಯಲ್ಲಿ ರೋಲರು, ಉಳಿದ ಬಣ್ಣದ ಡಬ್ಬಿಗಳು ಹೇಗೂ ಇರುತ್ತವೆ, ಖರ್ಚು ಮಾಡುವ ಮನಸ್ಸು ಕಡಿಮೆ, ವಾರವಾರ ಆಟ ಹೆಚ್ಚು. ಆದ್ದರಿಂದ ಕಡಿಮೆ ದರ್ಜೆಯ 12 ಮಿ.ಮೀ. ಪ್ಲೈ, ಪುಟ್ಟಿ, ಎರಡು ಬಣ್ಣ, ಮೂರು ಕೋಟ್ ಪಾಲಿ.

ಕೆಲಸ ಮುಗಿದ ಮೇಲೆ ಬಳೆಯ ಬಣ್ಣವನ್ನು ಒಂದು ಸಣ್ಣ ಗಾಜಿನ ಬಾಟಲಿಗೆ ಮೇಲಿನವರೆಗೂ ತುಂಬಿ, ಬಿಗಿಯಾಗಿ ಮುಚ್ಚಿ, ಹೆಸರು ಬರೆದು ಇಟ್ಟುಕೊಳ್ಳಿ. ದೊಡ್ಡ ಡಬ್ಬಿಯ ತಳದಲ್ಲಿ ಬಿಟ್ಟರೆ ಕೆನೆ ಕಟ್ಟಿ ಒಣಗುತ್ತದೆ, ಅಂಗಡಿಯಲ್ಲಿ ಮತ್ತೆ ಕಲಸಿಸಿದರೆ ಅದೇ ಬಣ್ಣ ಬರುವ ಖಾತ್ರಿಯಿಲ್ಲ. ತುಟಿಗೆ ಬೇಕಾಗುವುದು ಒಂದು ಸಲಕ್ಕೆ ಒಂದು ಚಮಚ ಬಣ್ಣ ಅಷ್ಟೇ.